ಲೀಗ್ ಚಾಂಪಿಯನ್ನರ ಎದುರು ಕಪ್ ವಿಜೇತರು: ಸೂಪರ್ ಕಪ್ ಪಂದ್ಯ ನೋಡುಗನಿಗೆ ಕೊಡುವುದೇನು?

ಟಿಕೆಟ್ ಕೊಂಡು ಕ್ರೀಡಾಂಗಣಕ್ಕೆ ಹೋಗುವವರಿಗಾಗಲಿ, ಚಂದಾ ಕಟ್ಟಿ ನೇರ ಪ್ರಸಾರ ನೋಡುವವರಿಗಾಗಲಿ, ಫುಟ್‌ಬಾಲಿನ ಸೂಪರ್ ಕಪ್ ಪಂದ್ಯವು ಕೊಟ್ಟ ಹಣಕ್ಕೆ ತಕ್ಕದ್ದೇ ಎಂಬ ಪ್ರಶ್ನೆ ಪ್ರತಿ ಋತುವಿನಲ್ಲೂ ಏಳುತ್ತದೆ. ಹಿಂದಿನ ಋತುವಿನ ಲೀಗ್ ಚಾಂಪಿಯನ್ ತಂಡವನ್ನು ಅದೇ ದೇಶದ ನಾಕೌಟ್ ಕಪ್ ಗೆದ್ದ ತಂಡದ ಎದುರು ನಿಲ್ಲಿಸಿ, ಒಂದೇ ಪಂದ್ಯದಲ್ಲಿ ಒಂದು ಟ್ರೋಫಿ ಯಾರದೆಂದು ತೀರ್ಮಾನಿಸುವುದು ಇದರ ಮೂಲ ಕಲ್ಪನೆ. ಇಂಗ್ಲೆಂಡಿನಲ್ಲಿ ಇದರ ಹೆಸರು ಕಮ್ಯುನಿಟಿ ಶೀಲ್ಡ್; ಜರ್ಮನಿಯಲ್ಲಿ 2025ರಿಂದ ಫ್ರಾಂಜ್ ಬೆಕೆನ್‌ಬೌರ್ ಸೂಪರ್ ಕಪ್; ನೆದರ್ಲೆಂಡ್ಸ್‌ನಲ್ಲಿ ಯೋಹಾನ್ ಕ್ರೈಫ್ ಶೀಲ್ಡ್; ಸ್ಪೇನ್, ಇಟಲಿ, ಫ್ರಾನ್ಸ್, ಟರ್ಕಿಗಳಲ್ಲಿ ಆಯಾ ಭಾಷೆಯ ಸೂಪರ್ ಕಪ್ಪುಗಳು. ಹೆಸರು ಹತ್ತಿರ ಹತ್ತಿರ ಒಂದೇ ಆಗಿದ್ದರೂ ನೋಡುಗನ ಕೈಗೆ ಸಿಗುವ ಸರಕು ಮಾತ್ರ ಒಂದೇ ಅಲ್ಲ. ಹಲವು ಋತುಗಳಿಂದ ಇವುಗಳನ್ನು ನೋಡುತ್ತ ಬಂದವನಾಗಿ ನನ್ನ ಅಭಿಪ್ರಾಯ ಇಷ್ಟು: ಎರಡು ತಂಡ, ಒಂದು ಮಧ್ಯಾಹ್ನ, ಋತುವಿನ ಆರಂಭ ಎಂಬ ಹಳೆಯ ಅಳತೆಯಲ್ಲೇ ಉಳಿದಿರುವ ಪಂದ್ಯಗಳು ಈಗಲೂ ನೋಡತಕ್ಕವು, ಅದನ್ನು ಹಿಗ್ಗಿಸಿ ದೂರದ ದೇಶಕ್ಕೆ ಒಯ್ದ ಪಂದ್ಯಗಳಲ್ಲಿ ಒಮ್ಮೊಮ್ಮೆ ಒಳ್ಳೆಯ ಆಟ ಸಿಗಬಹುದಾದರೂ, ಪಂದ್ಯಕ್ಕೆ ಇದ್ದ ಅರ್ಥವೇ ಸೋರಿಹೋಗಿದೆ.

ಮೊದಲು ಒಳ್ಳೆಯ ಮಾದರಿಯನ್ನೇ ತೆಗೆದುಕೊಳ್ಳೋಣ. 2025ರ ಆಗಸ್ಟ್ 10ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಕಮ್ಯುನಿಟಿ ಶೀಲ್ಡ್‌ನಲ್ಲಿ ಲೀಗ್ ಚಾಂಪಿಯನ್ ಲಿವರ್‌ಪೂಲ್ ಎದುರು ಎಫ್.ಎ. ಕಪ್ (ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯಾದ ಎಫ್.ಎ. ನಡೆಸುವ ನಾಕೌಟ್ ಕಪ್) ವಿಜೇತ ಕ್ರಿಸ್ಟಲ್ ಪ್ಯಾಲೆಸ್ ಇತ್ತು. ಪ್ಯಾಲೆಸ್ ತಂಡಕ್ಕೆ ಆ ಕಪ್ಪೇ ಮೊದಲ ಪ್ರಮುಖ ಪ್ರಶಸ್ತಿ, ಶೀಲ್ಡ್‌ನಲ್ಲಿ ಅದು ಆಡಿದ್ದೂ ಅದೇ ಮೊದಲು. ಲಿವರ್‌ಪೂಲ್ ಆ ಬೇಸಿಗೆಯಲ್ಲಿ ಕೊಂಡ ಫ್ಲೋರಿಯನ್ ವಿರ್ಟ್ಸ್, ಹ್ಯೂಗೊ ಎಕಿಟಿಕೆ, ಜೆರೆಮಿ ಫ್ರಿಂಪಾಂಗ್, ಮಿಲೋಶ್ ಕೆರ್ಕೆಜ್ ನಾಲ್ವರನ್ನೂ ಮೊದಲ ಹನ್ನೊಂದರಲ್ಲಿ ಇಳಿಸಿತು. 4ನೇ ನಿಮಿಷದಲ್ಲಿ ವಿರ್ಟ್ಸ್ ಕೊಟ್ಟ ಚೆಂಡನ್ನು ಎಕಿಟಿಕೆ ಗೋಲಾಗಿಸಿದಾಗ ಪಂದ್ಯ ಏಕಪಕ್ಷೀಯವಾದೀತೆಂದು ತೋರಿತು. ಹಾಗಾಗಲಿಲ್ಲ. 17ನೇ ನಿಮಿಷಕ್ಕೆ ಜಾನ್ ಫಿಲಿಪ್ ಮಾಟೆಟಾ ಪೆನಾಲ್ಟಿಯಿಂದ ಸಮ ಮಾಡಿದರು. ನಾಲ್ಕು ನಿಮಿಷದ ತರುವಾಯ ಫ್ರಿಂಪಾಂಗ್ ಬಲ ಅಂಚಿನಿಂದ ಎತ್ತಿ ಕಳಿಸಿದ ಚೆಂಡು, ಅದು ಪಾಸೋ ಹೊಡೆತವೋ ಎಂದು ಯಾರೂ ಖಚಿತವಾಗಿ ಹೇಳಲಾಗದಂತೆ ತೇಲಿ, ದೂರದ ಕಂಬಕ್ಕೆ ತಾಗಿ ಒಳಗೆ ಬಿದ್ದಿತು. 77ನೇ ನಿಮಿಷದಲ್ಲಿ ಆ್ಯಡಂ ವಾರ್ಟನ್ ಸೀಳಿ ಕೊಟ್ಟ ಪಾಸ್‌ಗೆ ಓಡಿಬಂದ ಇಸ್ಮಾಯಿಲಾ ಸಾರ್ ಮತ್ತೆ ಸಮ ಮಾಡಿದರು.

ಕಮ್ಯುನಿಟಿ ಶೀಲ್ಡ್‌ನಲ್ಲಿ ಹೆಚ್ಚುವರಿ ಸಮಯವಿಲ್ಲ. 90 ನಿಮಿಷ ಸಮವಾದರೆ ನೇರವಾಗಿ ಪೆನಾಲ್ಟಿ ಶೂಟೌಟ್. ನೋಡುಗನ ದೃಷ್ಟಿಯಿಂದ ಇದು ಬಹಳ ವಿವೇಕದ ನಿಯಮ, ಏಕೆಂದರೆ ಆಗಸ್ಟ್ ಮೊದಲ ವಾರಗಳಲ್ಲಿ ಆಟಗಾರರ ಕಾಲಲ್ಲಿ 120 ನಿಮಿಷದ ಶಕ್ತಿ ಇರುವುದಿಲ್ಲ, ಇದ್ದಂತೆ ನಟಿಸುವ ಅರ್ಧಗಂಟೆಯನ್ನು ನೋಡುವುದು ಯಾರಿಗೂ ಬೇಕಿಲ್ಲ. ಆ ದಿನದ ಶೂಟೌಟ್‌ನಲ್ಲಿ ಲಿವರ್‌ಪೂಲ್ ಪರ ಮೊದಲು ಬಂದ ಮೊಹಮದ್ ಸಲಾ ಚೆಂಡನ್ನು ಗೋಲಿನ ಮೇಲಕ್ಕೆ ಹೊಡೆದರು. ಗೋಲ್‌ಕೀಪರ್ ಡೀನ್ ಹೆಂಡರ್ಸನ್ ಅಲೆಕ್ಸಿಸ್ ಮ್ಯಾಕ್ ಅಲಿಸ್ಟರ್ ಮತ್ತು ಹಾರ್ವಿ ಎಲಿಯಟ್ ಇಬ್ಬರ ಹೊಡೆತಗಳನ್ನೂ ತಡೆದರು. ಪ್ಯಾಲೆಸ್ ಕಡೆಯವರೂ ಎರಡನ್ನು ಕಳೆದುಕೊಂಡಿದ್ದರಿಂದ ಭಾರ ಕೊನೆಗೆ ಬದಲಿ ಆಟಗಾರ ಜಸ್ಟಿನ್ ಡೆವೆನಿ ಮೇಲೆ ಬಿತ್ತು. 21ರ ಆ ಹುಡುಗ ತಡಬಡಿಸದೆ ಗೋಲು ಹೊಡೆದು 3–2ರಿಂದ ಗೆಲ್ಲಿಸಿದ. ಇಡೀ ಪಂದ್ಯ, ವಿರಾಮ, ಶೂಟೌಟ್, ಪ್ರಶಸ್ತಿ ವಿತರಣೆ ಎಲ್ಲವೂ ಸುಮಾರು ಎರಡೂವರೆ ಗಂಟೆಯೊಳಗೆ ಮುಗಿಯಿತು. ಮನರಂಜನೆಯ ಲೆಕ್ಕದಲ್ಲಿ ಇಷ್ಟಕ್ಕಿಂತ ಹೆಚ್ಚನ್ನು ಕೇಳುವುದು ಅತಿಯಾಸೆ.

ಆ ಪಂದ್ಯದ ನಿಜವಾದ ಬೆಲೆ ತಿಳಿದದ್ದು ಮಾತ್ರ ತಡವಾಗಿ. ವೆಂಬ್ಲಿಯಲ್ಲಿ ಲಿವರ್‌ಪೂಲ್‌ನ ರಕ್ಷಣಾ ಸಾಲಿನ ಹಿಂದೆ ಸಾರ್‌ಗೆ ಸಿಕ್ಕ ಜಾಗ ಋತುವಿನ ಮುಂದಿನ ಕಥೆಗೆ ಮುನ್ಸೂಚನೆಯಂತಿತ್ತು. ಲೀಗ್ ಶುರುವಾದ ಮೇಲೆ ಲಿವರ್‌ಪೂಲ್ ಮೊದಲ ಐದು ಪಂದ್ಯಗಳನ್ನು ಗೆದ್ದಿತು, ಎಲ್ಲವೂ ಸರಿಯಿದೆ ಎಂಬ ಭಾವನೆ ಹರಡಿತು. ಆರನೆಯದರಲ್ಲಿ, ಸೆಪ್ಟೆಂಬರ್ ಕೊನೆಯಲ್ಲಿ, ಅದೇ ಕ್ರಿಸ್ಟಲ್ ಪ್ಯಾಲೆಸ್ ಎದುರು 2–1ರಿಂದ ಸೋತಿತು. ಆ ಪಂದ್ಯದ ಮೊದಲ ಗೋಲು ಕೂಡ ಸಾರ್ ಅವರದೇ. ಎಚ್ಚರದಿಂದ ನೋಡುವವನಿಗೆ ಸೂಪರ್ ಕಪ್ ಒದಗಿಸುವ ಮುಖ್ಯ ಸೇವೆ ಇದು: ಹೊಸ ಆಟಗಾರರು ಯಾವ ಜಾಗದಲ್ಲಿ ನಿಲ್ಲುತ್ತಾರೆ, ಚೆಂಡು ಕಳೆದುಕೊಂಡಾಗ ಯಾರು ಹಿಂದಿರುಗಿ ಓಡುತ್ತಾರೆ, ಯಾರು ನಡೆಯುತ್ತಾರೆ ಎಂಬುದನ್ನು ನಿಜವಾದ ಎದುರಾಳಿಯ ಮುಂದೆ ಮೊದಲ ಸಲ ಕಾಣಲು ಸಿಗುತ್ತದೆ.

ಆದರೆ ಫಲಿತಾಂಶವನ್ನು ಭವಿಷ್ಯವಾಣಿ ಎಂದು ಓದಲು ಹೊರಟವರು ಕೈ ಸುಟ್ಟುಕೊಳ್ಳುತ್ತಾರೆ. 2019ರಿಂದ 2024ರವರೆಗೆ ಸಾಲಾಗಿ ಆರು ವರ್ಷ ಶೀಲ್ಡ್ ಗೆದ್ದ ಯಾವ ತಂಡವೂ ಆ ಋತುವಿನ ಲೀಗ್ ಗೆಲ್ಲಲಿಲ್ಲ. 2019ರಲ್ಲಿ ಮ್ಯಾಂಚೆಸ್ಟರ್ ಸಿಟಿ ಶೀಲ್ಡ್ ಗೆದ್ದಿತು, ಲೀಗ್ ಲಿವರ್‌ಪೂಲ್‌ಗೆ ಹೋಯಿತು. 2020ರಲ್ಲಿ ಆರ್ಸೆನಲ್, 2021ರಲ್ಲಿ ಲೆಸ್ಟರ್, 2022ರಲ್ಲಿ ಲಿವರ್‌ಪೂಲ್, 2023ರಲ್ಲಿ ಮತ್ತೆ ಆರ್ಸೆನಲ್ ಶೀಲ್ಡ್ ಎತ್ತಿದವು, ನಾಲ್ಕು ಸಲವೂ ಲೀಗ್ ಸಿಟಿಯದಾಯಿತು. 2024ರಲ್ಲಿ ಸಿಟಿ ಶೀಲ್ಡ್ ಗೆದ್ದಾಗ ಲೀಗ್ ಲಿವರ್‌ಪೂಲ್ ಪಾಲಾಯಿತು. ಒಬ್ಬ ಆಟಗಾರನ ಬಗ್ಗೆ ತೀರ್ಮಾನ ಕೊಡುವುದು ಇನ್ನೂ ಅಪಾಯಕರ. 2022ರ ಶೀಲ್ಡ್‌ನ ಕೊನೆಯ ಕ್ಷಣಗಳಲ್ಲಿ, ಲಿವರ್‌ಪೂಲ್ ಗೋಲ್‌ಕೀಪರ್ ಕೈಯಿಂದ ಚಿಮ್ಮಿ ಬಂದ ಚೆಂಡನ್ನು ಗೋಲಿನ ಬಾಯಲ್ಲೇ ನಿಂತಿದ್ದ ಎರ್ಲಿಂಗ್ ಹಾಲಂಡ್ ಕ್ರಾಸ್‌ಬಾರ್‌ಗೆ ಬಡಿದರು. ಇಂಗ್ಲೆಂಡಿನ ರಭಸಕ್ಕೆ ಈತ ಒಗ್ಗುವನೇ ಎಂಬ ಚರ್ಚೆ ಅಂದೇ ಎದ್ದಿತು. ಅದೇ ಋತುವಿನಲ್ಲಿ ಅವರು ಲೀಗಿನಲ್ಲಿ 36 ಗೋಲು ಹೊಡೆದು ದಾಖಲೆ ಮಾಡಿದರು, ತಂಡ ಮೂರು ಪ್ರಶಸ್ತಿ ಗೆದ್ದಿತು. ಆದ್ದರಿಂದ ಈ ಪಂದ್ಯದಲ್ಲಿ ನೋಡಬೇಕಾದದ್ದು ತಂಡದ ರಚನೆಯನ್ನು, ಅಂಕಪಟ್ಟಿಯನ್ನಲ್ಲ.

ಇನ್ನೊಂದು ಉಪಯೋಗ ನಿಯಮಗಳ ವಿಷಯದಲ್ಲಿ. ಹೊಸ ಋತುವಿನ ಹೊಸ ಆದೇಶಗಳು ಮೊದಲು ಜಾರಿಯಾಗುವುದು ಸಾಮಾನ್ಯವಾಗಿ ಇಲ್ಲೇ. 2023ರಲ್ಲಿ ವ್ಯರ್ಥವಾದ ಸಮಯವನ್ನೆಲ್ಲ ಕಟ್ಟುನಿಟ್ಟಾಗಿ ಲೆಕ್ಕ ಹಾಕಿ ಸೇರಿಸಬೇಕೆಂಬ ಸೂಚನೆ ಬಂದಿತ್ತು. ಶೀಲ್ಡ್‌ನಲ್ಲಿ ಕೋಲ್ ಪಾಮರ್ ಗೋಲಿನಿಂದ ಮುಂದಿದ್ದ ಮ್ಯಾಂಚೆಸ್ಟರ್ ಸಿಟಿ ಎದುರು ಆರ್ಸೆನಲ್‌ನ ಲಿಯಾಂಡ್ರೊ ಟ್ರೊಸ್ಸಾರ್ ಹೊಡೆದ ಚೆಂಡು ಎದುರಾಳಿಯೊಬ್ಬನಿಗೆ ತಾಗಿ ಗೋಲಾದಾಗ ಗಡಿಯಾರ 101ನೇ ನಿಮಿಷ ತೋರಿಸುತ್ತಿತ್ತು. ಶೂಟೌಟ್‌ನಲ್ಲಿ ಆರ್ಸೆನಲ್ 4–1ರಿಂದ ಗೆದ್ದಿತು. 2017ರ ಕ್ರೈಫ್ ಶೀಲ್ಡ್‌ನಲ್ಲಿ ಇದಕ್ಕಿಂತ ವಿಚಿತ್ರವಾದುದು ನಡೆಯಿತು. ರಾಟರ್‌ಡ್ಯಾಮ್‌ನಲ್ಲಿ ಫೈಯೆನೂರ್ಡ್ ತಂಡ ವಿಟೆಸ್ ಎದುರು ಎರಡನೇ ಗೋಲು ಹೊಡೆದು ಸಂಭ್ರಮಿಸುತ್ತಿರುವಾಗ, ಕ್ಷಣಗಳ ಹಿಂದೆ ಮೈದಾನದ ಇನ್ನೊಂದು ತುದಿಯಲ್ಲಿ ವಿಟೆಸ್ ಆಟಗಾರನ ಮೇಲೆ ನಡೆದ ಫೌಲನ್ನು ವಿಡಿಯೊ ರೆಫರಿ (ವಿಎಆರ್) ಎತ್ತಿ ತೋರಿಸಿದರು. ಹೊಡೆದ ಗೋಲು ರದ್ದಾಗಿ, ಎದುರಾಳಿಗೆ ಪೆನಾಲ್ಟಿ ಸಿಕ್ಕಿ, 2–0 ಆಗಬೇಕಾದದ್ದು 1–1 ಆಯಿತು. ವಿಎಆರ್ ಎಂದರೆ ಏನೆಲ್ಲ ಸಂಭವಿಸಬಹುದೆಂದು ಯುರೋಪಿನ ಪ್ರೇಕ್ಷಕರು ಬಾಯಿ ಬಿಟ್ಟುಕೊಂಡು ನೋಡಿದ್ದು ಅಂದು. ಲೀಗ್ ಪಂದ್ಯದಲ್ಲಾಗಿದ್ದರೆ ಗಲಾಟೆ ವಾರಗಟ್ಟಲೆ ನಡೆಯುತ್ತಿತ್ತು. ಪಣಕ್ಕಿಟ್ಟದ್ದು ಇಲ್ಲಿ ಸ್ವಲ್ಪ ಕಡಿಮೆಯಾದ್ದರಿಂದ ಜನ ಕೋಪಕ್ಕಿಂತ ಕುತೂಹಲದಿಂದ ನೋಡಿದರು.

ಪಣ ಕಡಿಮೆ ಎಂಬುದನ್ನು ದೋಷವೆಂದು ಎಣಿಸುವವರಿಗೆ ಇಂಗ್ಲಿಷ್ ಶೀಲ್ಡ್‌ನ ಇತಿಹಾಸ ಉತ್ತರ ಕೊಡುತ್ತದೆ. ಇದು 1908ರಲ್ಲಿ ಚಾರಿಟಿ ಶೀಲ್ಡ್ ಎಂಬ ಹೆಸರಿನಲ್ಲಿ, ದಾನಕ್ಕಾಗಿ ಹಣ ಕೂಡಿಸುವ ಪಂದ್ಯವಾಗಿ ಹುಟ್ಟಿತು. ಮೊದಲ ಪಂದ್ಯ ಲೀಗ್ ಚಾಂಪಿಯನ್ ಮ್ಯಾಂಚೆಸ್ಟರ್ ಯುನೈಟೆಡ್‌ಗೂ ಸದರ್ನ್ ಲೀಗ್ ಗೆದ್ದಿದ್ದ ಕ್ವೀನ್ಸ್ ಪಾರ್ಕ್ ರೇಂಜರ್ಸ್‌ಗೂ ನಡೆದು 1–1 ಆಯಿತು, ಮರುಪಂದ್ಯವನ್ನು ಯುನೈಟೆಡ್ 4–0ಯಿಂದ ಗೆದ್ದಿತು. ಕಪ್ ವಿಜೇತರನ್ನು ಲೀಗ್ ವಿಜೇತರ ಎದುರು ನಿಲ್ಲಿಸುವ ಕ್ರಮ ಬಂದದ್ದು ಆಮೇಲೆ, 1921ರಲ್ಲಿ. ಅದಕ್ಕೆ ಮುಂಚೆಯೂ ನಂತರವೂ ವೃತ್ತಿಪರರು ಹವ್ಯಾಸಿಗಳ ಎದುರು ಆಡಿದ ವರ್ಷಗಳಿವೆ. ಸೋಲು ಗೆಲುವಿಗೆ ತಲೆ ಕೆಡಿಸಿಕೊಳ್ಳದ ಕಾಲವೂ ಇತ್ತು: 1993ಕ್ಕೆ ಮುಂಚಿನ ಬಹುತೇಕ ವರ್ಷಗಳಲ್ಲಿ ಪಂದ್ಯ ಸಮವಾದರೆ ಎರಡೂ ತಂಡಗಳು ಶೀಲ್ಡನ್ನು ಆರಾರು ತಿಂಗಳು ಇಟ್ಟುಕೊಳ್ಳುತ್ತಿದ್ದವು. 1967ರ 3–3 ಪಂದ್ಯ ಅಂಥದ್ದು. ಅದರಲ್ಲಿ ಟಾಟನ್‌ಹ್ಯಾಮ್ ಗೋಲ್‌ಕೀಪರ್ ಪ್ಯಾಟ್ ಜೆನ್ನಿಂಗ್ಸ್ ತಮ್ಮ ಪೆನಾಲ್ಟಿ ಪ್ರದೇಶದಿಂದ ಒದ್ದ ಚೆಂಡು ಇಡೀ ಮೈದಾನ ದಾಟಿ, ಒಮ್ಮೆ ನೆಲಕ್ಕೆ ಪುಟಿದು, ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಸ್ಟೆಪ್ನಿ ತಲೆಯ ಮೇಲಿಂದ ಗೋಲಿಗೆ ಹೋಯಿತು.

ಚಾಂಪಿಯನ್ನರು ಬರಲು ಮನಸ್ಸೇ ಮಾಡದ ವರ್ಷಗಳೂ ಇದ್ದವು. 1972ರಲ್ಲಿ ಲೀಗ್ ಗೆದ್ದ ಡರ್ಬಿಯೂ ಕಪ್ ಗೆದ್ದ ಲೀಡ್ಸ್ ಯುನೈಟೆಡ್ ಕೂಡ ಒಲ್ಲೆವೆಂದವು. ಕೊನೆಗೆ ಲೀಗಿನಲ್ಲಿ ನಾಲ್ಕನೆಯದಾಗಿದ್ದ ಮ್ಯಾಂಚೆಸ್ಟರ್ ಸಿಟಿ, ಮೂರನೇ ಡಿವಿಷನ್ ಗೆದ್ದ ಆ್ಯಸ್ಟನ್ ವಿಲ್ಲಾ ಎದುರು ಆಡಿತು. ಆ ಅವಸ್ಥೆಯಿಂದ ಪಂದ್ಯವನ್ನು ಮೇಲೆತ್ತಿದವರು ಎಫ್.ಎ. ಕಾರ್ಯದರ್ಶಿ ಟೆಡ್ ಕ್ರೋಕರ್. ಅವರು 1974ರಲ್ಲಿ ಪಂದ್ಯವನ್ನು ವೆಂಬ್ಲಿಗೆ ತಂದರು, ಋತುವಿನ ಪರದೆ ಏಳುವ ಉತ್ಸವವೆಂದು ರೂಪಿಸಿದರು. ಉತ್ಸವದ ಮೊದಲ ವರ್ಷದಲ್ಲೇ ಲೀಡ್ಸ್ ನಾಯಕ ಬಿಲ್ಲಿ ಬ್ರೆಮ್ನರ್ ಮತ್ತು ಲಿವರ್‌ಪೂಲ್‌ನ ಕೆವಿನ್ ಕೀಗನ್ ಕೈ ಕೈ ಮಿಲಾಯಿಸಿ, ಇಬ್ಬರೂ ಹೊರಹಾಕಲ್ಪಟ್ಟು, ಅಂಗಿ ಬಿಚ್ಚಿ ಬಿಸಾಡುತ್ತ ಮೈದಾನದಿಂದ ನಡೆದರು. ಲೀಡ್ಸ್ ತರಬೇತುದಾರರಾಗಿ ಬ್ರಯಾನ್ ಕ್ಲಫ್ ಹೊಸದಾಗಿ ಬಂದಿದ್ದರು, ನಿವೃತ್ತಿ ಘೋಷಿಸಿದ್ದ ಬಿಲ್ ಶ್ಯಾಂಕ್ಲಿ ಕೊನೆಯ ಸಲ ಲಿವರ್‌ಪೂಲ್ ತಂಡವನ್ನು ಮೈದಾನಕ್ಕೆ ಕರೆತಂದಿದ್ದರು. ಪಂದ್ಯ ಪೆನಾಲ್ಟಿಗೆ ಹೋಗಿ ಲಿವರ್‌ಪೂಲ್ 6–5ರಿಂದ ಗೆದ್ದಿತು. ಸೌಹಾರ್ದ ಪಂದ್ಯವೆಂದು ಕರೆದುಬಿಟ್ಟರೆ ಆಟಗಾರರು ಸೌಹಾರ್ದದಿಂದ ಆಡುತ್ತಾರೆಂಬ ಭ್ರಮೆಯನ್ನು ಅಂದೇ ಬಿಡಬೇಕಿತ್ತು.

ದಾನದ ಮಾತು ಬಂದಾಗ ಒಂದು ಕಹಿ ಸಂಗತಿಯನ್ನೂ ಹೇಳಬೇಕು, ಏಕೆಂದರೆ ಟಿಕೆಟ್ ಕೊಳ್ಳುವವನು ಒಳ್ಳೆಯ ಕೆಲಸಕ್ಕೂ ಕೊಡುತ್ತಿದ್ದೇನೆ ಎಂದು ನಂಬಿ ಕೊಡುತ್ತಾನೆ. ಟಿಕೆಟ್ ಹಣದಲ್ಲಿ ಎಷ್ಟು ಭಾಗ ದಾನಕ್ಕೆ ಹೋಗುತ್ತದೆಂದು ಎಫ್.ಎ. ಸ್ಪಷ್ಟವಾಗಿ ತಿಳಿಸಿಲ್ಲ, ಸಂಸ್ಥೆಗಳಿಗೆ ಹಣ ತಲುಪಿಸುವುದರಲ್ಲೂ ವಿಳಂಬವಾಗಿದೆ ಎಂದು ಬ್ರಿಟನ್ನಿನ ಚಾರಿಟಿ ಕಮಿಷನ್ ತಪ್ಪು ಹಿಡಿದ ಮೇಲೆ, 2002ರಲ್ಲಿ ಹೆಸರು ಕಮ್ಯುನಿಟಿ ಶೀಲ್ಡ್ ಎಂದು ಬದಲಾಯಿತು. ಎಫ್.ಎ. ಕಪ್‌ನ ಮೊದಲ ಸುತ್ತಿನಿಂದ ಆಡುವ 124 ಕ್ಲಬ್ಬುಗಳಿಗೆ ಪಂದ್ಯದ ಗಳಿಕೆಯಲ್ಲಿ ಪಾಲು ಕೊಟ್ಟು, ಅವು ತಮಗೆ ಬೇಕಾದ ಸೇವಾಕಾರ್ಯಗಳಿಗೆ ಕೊಡುವ ಪದ್ಧತಿ ಬಂದಿತು. ಹೆಸರು ಬದಲಿಸಿದ್ದಕ್ಕಿಂತ ಲೆಕ್ಕ ಸರಿಪಡಿಸಿದ್ದು ಮುಖ್ಯ.

ಇಂಗ್ಲೆಂಡಿನ ಏರ್ಪಾಡಿನಲ್ಲಿ ನನಗೆ ಹಿಡಿಸದ ಒಂದು ಅಂಶವೆಂದರೆ ಒಂದೇ ತಂಡ ಲೀಗನ್ನೂ ಕಪ್ಪನ್ನೂ ಗೆದ್ದಾಗ ಲೀಗಿನ ರನ್ನರ್ ಅಪ್ ತಂಡವನ್ನು ಕರೆಯುವುದು. 2023ರಲ್ಲಿ ಆರ್ಸೆನಲ್ ಬಂದದ್ದು ಹಾಗೆಯೇ. ಏನನ್ನೂ ಗೆಲ್ಲದ ತಂಡ, ಎಲ್ಲವನ್ನೂ ಗೆದ್ದ ತಂಡವನ್ನು ಸೋಲಿಸಿ ಪ್ರಶಸ್ತಿ ಎತ್ತಿತು. ಜರ್ಮನಿಯಲ್ಲೂ ಇದೇ ನಿಯಮವಿದೆ: 2024ರಲ್ಲಿ ಎರಡೂ ಪ್ರಶಸ್ತಿ ಗೆದ್ದಿದ್ದ ಲೆವರ್ಕೂಸೆನ್ ಎದುರು ರನ್ನರ್ ಅಪ್ ಸ್ಟುಟ್‌ಗಾರ್ಟ್ ಆಡಿತು, 2–2 ಆದ ಮೇಲೆ ಲೆವರ್ಕೂಸೆನ್ ಪೆನಾಲ್ಟಿಯಲ್ಲಿ ಗೆದ್ದಿತು. ಕಪ್ ಫೈನಲ್‌ನಲ್ಲಿ ಸೋತ ತಂಡವನ್ನು ಕರೆದರೆ ಪಂದ್ಯದ ಹೆಸರಿಗೆ ಹೆಚ್ಚು ನ್ಯಾಯ ಸಿಗುತ್ತದೆಂದು ನನ್ನ ಎಣಿಕೆ; ಟೆಲಿವಿಷನ್ ಮಾತ್ರ ದೊಡ್ಡ ಹೆಸರಿನ ರನ್ನರ್ ಅಪ್ ತಂಡವನ್ನೇ ಬಯಸುತ್ತದೆ ಎಂಬುದು ಗೊತ್ತಿರುವ ವಿಷಯ. ಇದಕ್ಕೆ ಎದುರಾಗಿ, ನಿಯಮ ತಾನಾಗಿಯೇ ಕೂಡಿಬಂದಾಗ ಸಿಗುವ ಜೋಡಿಗಳ ಸೊಗಸೇ ಬೇರೆ. 2013ರಲ್ಲಿ ಎಫ್.ಎ. ಕಪ್ ಗೆದ್ದೂ ಲೀಗಿನಿಂದ ಕೆಳಗಿನ ಡಿವಿಷನ್‌ಗೆ ಬಿದ್ದಿದ್ದ ವಿಗನ್ ತಂಡ, ಚಾಂಪಿಯನ್ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ವೆಂಬ್ಲಿಯಲ್ಲಿ ನಿಂತಿತ್ತು. 2–0ಯಿಂದ ಸೋತಿತು, ಅದಿರಲಿ. ಅಂಥ ಎರಡು ತಂಡಗಳನ್ನು ಒಂದೇ ವೇದಿಕೆಗೆ ಹಕ್ಕಿನಿಂದ ತರುವ ಪಂದ್ಯ ಫುಟ್‌ಬಾಲಿನಲ್ಲಿ ಬೇರೆ ಯಾವುದಿದೆ?

ಪ್ರೇಕ್ಷಕನನ್ನು ನಡೆಸಿಕೊಳ್ಳುವ ವಿಷಯದಲ್ಲಿ ಮೊದಲ ಸ್ಥಾನವನ್ನು ನಾನು ಜರ್ಮನಿಗೆ ಕೊಡುತ್ತೇನೆ. ಪಂದ್ಯ ಎರಡರಲ್ಲಿ ಒಂದು ತಂಡದ ಸ್ವಂತ ಮೈದಾನದಲ್ಲಿ ನಡೆಯುತ್ತದೆ, ಎದುರಾಳಿ ತಂಡದ ಅಭಿಮಾನಿಗಳು ರೈಲಿನಲ್ಲಿ ಬಂದು ಹೋಗಬಹುದು, ನಿಂತು ಹಾಡುವ ಜನರಿಂದ ಗ್ಯಾಲರಿ ತುಂಬಿರುತ್ತದೆ, 90 ನಿಮಿಷ ಮುಗಿದ ಕೂಡಲೇ ಪೆನಾಲ್ಟಿ. 2023ರ ಆಗಸ್ಟ್ 12ರಂದು ಮ್ಯೂನಿಕ್‌ನಲ್ಲಿ ನಡೆದದ್ದನ್ನು ಮರೆಯುವಂತಿಲ್ಲ. ಆ ಬೆಳಿಗ್ಗೆಯಷ್ಟೇ ಬಯರ್ನ್ ಸೇರಿದ್ದ ಹ್ಯಾರಿ ಕೇನ್ ಸಂಜೆ ಬದಲಿ ಆಟಗಾರನಾಗಿ ಇಳಿದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಆದರೆ ಅದು ಲೈಪ್‌ಜಿಗ್‌ನ ಡಾನಿ ಓಲ್ಮೊ ಅವರ ದಿನವಾಗಿತ್ತು, ಮೂರೂ ಗೋಲು ಅವರೇ ಹೊಡೆದು 3–0ಯಿಂದ ಗೆಲ್ಲಿಸಿದರು. ಕೇನ್ 2025ರಲ್ಲಿ ಸ್ಟುಟ್‌ಗಾರ್ಟ್ ಎದುರು ಗೋಲು ಹೊಡೆದು, ಬಯರ್ನ್ 2–1ರಿಂದ ಗೆದ್ದ ಪಂದ್ಯದಲ್ಲಿ ಈ ಕಪ್ ಪಡೆದರು. ಡಚ್ಚರು 2017ರಿಂದ ಕ್ರೈಫ್ ಶೀಲ್ಡನ್ನು ಚಾಂಪಿಯನ್ ತಂಡದ ಮೈದಾನದಲ್ಲಿ ಆಡಿಸುತ್ತಿರುವುದೂ ಇದೇ ಬುದ್ಧಿವಂತಿಕೆಯಿಂದ. ತಟಸ್ಥ ಮೈದಾನ ಬೇಕೆಂಬ ವಾದದಲ್ಲಿ ನ್ಯಾಯವಿದೆಯಾದರೂ, ಅರ್ಧ ಖಾಲಿ ತಟಸ್ಥ ಮೈದಾನಕ್ಕಿಂತ ತುಂಬಿದ ಪಕ್ಷಪಾತದ ಮೈದಾನ ನೋಡಲು ಚೆನ್ನ.

ಇನ್ನು ಹಿಗ್ಗಿಸಿದ ಮಾದರಿಗೆ ಬರೋಣ. ಸ್ಪೇನಿನ ಸೂಪರ್‌ಕೋಪಾ 1982ರಲ್ಲಿ ಆರಂಭವಾದಾಗಿನಿಂದ 2017ರವರೆಗೆ ಎರಡೂ ತಂಡಗಳ ಮೈದಾನಗಳಲ್ಲಿ ಒಂದೊಂದರಂತೆ ಎರಡು ಪಂದ್ಯಗಳ ಸ್ಪರ್ಧೆಯಾಗಿತ್ತು. 2018ರಲ್ಲಿ ಒಂದೇ ಪಂದ್ಯವಾಗಿ ಮೊರಾಕ್ಕೊದ ಟ್ಯಾಂಜಿಯರ್‌ಗೆ ಹೋಯಿತು. 2020ರ ಜನವರಿಯಿಂದ ನಾಲ್ಕು ತಂಡಗಳು, ಎರಡು ಸೆಮಿಫೈನಲ್, ಒಂದು ಫೈನಲ್, ಜಾಗ ಹೆಚ್ಚಾಗಿ ಸೌದಿ ಅರೇಬಿಯಾ. ವರ್ಷಕ್ಕೆ ಸುಮಾರು 4 ಕೋಟಿ ಯೂರೊ ಎಂದು ವರದಿಯಾದ ಒಪ್ಪಂದ ಇದರ ಹಿಂದಿದೆ, ಆ ಹಣದಲ್ಲಿ ಒಂದಷ್ಟು ಕೆಳಹಂತದ ಫುಟ್‌ಬಾಲಿಗೂ ಹೋಗುತ್ತದೆ ಎಂಬುದು ಸಂಘಟಕರ ಸಮರ್ಥನೆ. ನೋಡುಗನಿಗೆ ಆದದ್ದೇನು? ಹೊಸ ಪದ್ಧತಿಯ ಮೊದಲ ವರ್ಷವೇ ಕಪ್ ಗೆದ್ದದ್ದು ರಿಯಲ್ ಮ್ಯಾಡ್ರಿಡ್. ಹಿಂದಿನ ಋತುವಿನಲ್ಲಿ ಆ ತಂಡ ಲೀಗಿನಲ್ಲಿ ಮೂರನೆಯದು, ಕಪ್ ಫೈನಲ್‌ಗೂ ಬಂದಿರಲಿಲ್ಲ. ಫೈನಲ್‌ನಲ್ಲಿ ಅದು ಸೋಲಿಸಿದ ಅಟ್ಲೆಟಿಕೊ ಮ್ಯಾಡ್ರಿಡ್ ಲೀಗಿನಲ್ಲಿ ಎರಡನೆಯದು. ಅಂದರೆ ಚಾಂಪಿಯನ್ ತಂಡವೂ ಕಪ್ ವಿಜೇತ ತಂಡವೂ ಇಲ್ಲದೆ ಚಾಂಪಿಯನ್ನರ ಕಪ್ ತೀರ್ಮಾನವಾಯಿತು. ಆ ಫೈನಲ್‌ನ 115ನೇ ನಿಮಿಷದಲ್ಲಿ ಒಬ್ಬಂಟಿಯಾಗಿ ಗೋಲಿನತ್ತ ಓಡುತ್ತಿದ್ದ ಅಟ್ಲೆಟಿಕೊದ ಆಲ್ವಾರೊ ಮೊರಾಟಾ ಅವರನ್ನು ರಿಯಲ್‌ನ ಫೆಡೆರಿಕೊ ವಾಲ್ವೆರ್ಡೆ ಹಿಂದಿನಿಂದ ಬೀಳಿಸಿ ಕೆಂಪು ಕಾರ್ಡ್ ಪಡೆದರು, ತಂಡ ಪೆನಾಲ್ಟಿಯಲ್ಲಿ ಗೆದ್ದಿತು, ಪಂದ್ಯಶ್ರೇಷ್ಠ ಪ್ರಶಸ್ತಿಯೂ ಅವರಿಗೇ ಬಂತು. ಮರುವರ್ಷ ಇನ್ನೂ ತಮಾಷೆ: ಕೊರೊನಾದಿಂದ 2020ರ ಕಪ್ ಫೈನಲ್ ಮುಂದೂಡಲ್ಪಟ್ಟಿದ್ದರಿಂದ, ಕಪ್ ಯಾರದೆಂದು ತೀರ್ಮಾನವಾಗುವ ಮೊದಲೇ ಅದರ ಇಬ್ಬರು ಫೈನಲಿಸ್ಟರು ಸೂಪರ್‌ಕೋಪಾ ಆಡಿದರು, ಅವರಲ್ಲೊಬ್ಬರಾದ ಅಥ್ಲೆಟಿಕ್ ಬಿಲ್ಬಾವೊ ಗೆದ್ದೇ ಬಿಟ್ಟರು. ಸೋತ ಬಾರ್ಸಿಲೋನಾ ಪರ ಲಯೊನೆಲ್ ಮೆಸ್ಸಿ ಮೊದಲ ಸಲ ಕೆಂಪು ಕಾರ್ಡ್ ಪಡೆದದ್ದೂ ಆ ರಾತ್ರಿಯೇ.

ಆಟದ ಗುಣಮಟ್ಟವನ್ನು ಮಾತ್ರ ಹಳಿಯಲಾಗದು. 2025ರ ಜನವರಿಯಲ್ಲಿ ಜೆಡ್ಡಾದಲ್ಲಿ ಕಿಲಿಯನ್ ಎಂಬಾಪೆ 5ನೇ ನಿಮಿಷದಲ್ಲೇ ರಿಯಲ್ ಮ್ಯಾಡ್ರಿಡ್‌ಗೆ ಮುನ್ನಡೆ ಕೊಟ್ಟ ಮೇಲೆ ಬಾರ್ಸಿಲೋನಾ ಸಾಲು ಸಾಲು ಐದು ಗೋಲು ಹೊಡೆದು, ಗೋಲ್‌ಕೀಪರ್ ಕೆಂಪು ಕಾರ್ಡ್ ಪಡೆದು ಹತ್ತೇ ಮಂದಿ ಉಳಿದಾಗಲೂ ಕುಸಿಯದೆ 5–2ರಿಂದ ಗೆದ್ದ ಪಂದ್ಯ ಕಣ್ಣಿಗೆ ಹಬ್ಬವೇ. ಅದೇ ತಿಂಗಳು ರಿಯಾದ್‌ನಲ್ಲಿ ಇಟಲಿಯ ಕಪ್‌ಗಾಗಿ ಮಿಲಾನ್ ತಂಡ ಇಂಟರ್ ಎದುರು ಎರಡು ಗೋಲು ಹಿಂದಿದ್ದು 3–2ರಿಂದ ಗೆದ್ದಿತು. ಜನವರಿಯಲ್ಲಿ ಆಟಗಾರರ ಮೈ ಹದವಾಗಿರುತ್ತದೆ, ತಂಡಗಳು ಹೊಂದಿಕೊಂಡಿರುತ್ತವೆ. ಆಗಸ್ಟ್‌ನ ಪಂದ್ಯಕ್ಕಿಂತ ವೇಗ ಹೆಚ್ಚಿರುವುದು ಸಹಜ. ಕೊರತೆ ಇರುವುದು ಗ್ಯಾಲರಿಯಲ್ಲಿ. ಎರಡೂ ತಂಡಗಳ ಅಂಗಿ ತೊಟ್ಟವರು ಅಕ್ಕಪಕ್ಕ ಕುಳಿತು ಎರಡೂ ಕಡೆಯ ಗೋಲುಗಳಿಗೆ ಸಮಾನವಾಗಿ ಕೂಗುವಾಗ, ತೆರೆಯ ಮೇಲೆ ನೋಡುವವನಿಗೆ ಕೇಳುವ ಸದ್ದು ಬೇರೆಯೇ ಆಗಿರುತ್ತದೆ. ಬಿಲ್ಬಾವೊದಿಂದಲೋ ಬೊಲೊನ್ಯಾದಿಂದಲೋ ಜೀವಮಾನವಿಡೀ ತಂಡದ ಹಿಂದೆ ತಿರುಗಿದವನಿಗೆ ಋತುವಿನ ನಡುವೆ, ಕೆಲಸದ ವಾರದಲ್ಲಿ, ಸೆಮಿಫೈನಲ್‌ಗೊಂದು ಫೈನಲ್‌ಗೊಂದು ಎಂದು ಅಷ್ಟು ದೂರ ಹೋಗಿಬರುವುದು ಆಗದ ಮಾತು. ಮೂಲ ಗಿರಾಕಿಯನ್ನೇ ಬಾಗಿಲ ಹೊರಗೆ ನಿಲ್ಲಿಸಿದ ಸೇವೆ ಇದು.

ಪರದೇಶಕ್ಕೆ ಹೋಗುವುದು ಹೊಸ ಚಾಳಿಯೂ ಅಲ್ಲ. ಇಟಲಿಯವರು 1993ರಲ್ಲೇ ವಾಷಿಂಗ್ಟನ್‌ನಲ್ಲಿ, 2002ರಲ್ಲಿ ಲಿಬಿಯಾದ ಟ್ರಿಪೋಲಿಯಲ್ಲಿ, ನಂತರ ಬೀಜಿಂಗ್, ಶಾಂಘೈ, ದೋಹಾಗಳಲ್ಲಿ ಆಡಿಸಿದ್ದಾರೆ. ಫ್ರೆಂಚರು 2009ರಿಂದ ಮಾಂಟ್ರಿಯಲ್, ಟ್ಯುನಿಸ್, ಲಿಬ್ರವಿಲ್, ಶೆಂಜೆನ್, ಟೆಲ್ ಅವೀವ್ ಎಂದು ಸುತ್ತಿದ್ದಾರೆ. ಈ ಸುತ್ತಾಟ ಎಲ್ಲಿಗೆ ಮುಟ್ಟಬಹುದೆಂದು ತೋರಿಸಿದ್ದು ಟರ್ಕಿ. 2023ರ ಡಿಸೆಂಬರ್ 29ರಂದು ರಿಯಾದ್‌ನಲ್ಲಿ ಗಲಾಟಸರಾಯ್ ಮತ್ತು ಫೆನೆರ್‌ಬಾಚೆ ಆಡಬೇಕಿತ್ತು. ಗಣರಾಜ್ಯದ ಶತಮಾನೋತ್ಸವದ ವರ್ಷವಾದ್ದರಿಂದ ಅದರ ಸ್ಥಾಪಕ ಅತಾತುರ್ಕ್ ಚಿತ್ರವಿರುವ ಅಂಗಿ ತೊಟ್ಟು ಮೈದಾನಕ್ಕಿಳಿಯಲು ಎರಡೂ ತಂಡಗಳು ಬಯಸಿದವು. ಒಪ್ಪಿಗೆ ಸಿಗದೆ, ಪಂದ್ಯ ಶುರುವಾಗಲು ಸ್ವಲ್ಪವೇ ಹೊತ್ತಿರುವಾಗ ರದ್ದಾಯಿತು, ತಂಡಗಳು ಊರಿಗೆ ಮರಳಿದವು. 2024ರ ಏಪ್ರಿಲ್ 7ರಂದು ಶಾನ್ಲಿಉರ್ಫಾದಲ್ಲಿ ಮತ್ತೆ ಏರ್ಪಡಿಸಿದಾಗ, ದೇಶದ ಫುಟ್‌ಬಾಲ್ ಫೆಡರೇಶನ್ ಮೇಲೆ ಮುನಿಸಿಕೊಂಡಿದ್ದ ಫೆನೆರ್‌ಬಾಚೆ 19 ವರ್ಷದೊಳಗಿನ ಹುಡುಗರ ತಂಡವನ್ನು ಕಳಿಸಿತು. ಮೊದಲ ನಿಮಿಷದಲ್ಲೇ ಮೌರೊ ಇಕಾರ್ಡಿ ಗೋಲು ಹೊಡೆದರು, ಹುಡುಗರು ಮೈದಾನ ಬಿಟ್ಟು ನಡೆದರು. ದಾಖಲೆಯಲ್ಲಿ ಗಲಾಟಸರಾಯ್ 3–0 ಎಂದಿದೆ. ಟಿಕೆಟ್ ಹಿಡಿದು ಬಂದವರು ಎರಡೂ ಸಲ ಸೇರಿ ನೋಡಿದ ಫುಟ್‌ಬಾಲ್ ಕೆಲವೇ ನಿಮಿಷಗಳದು.

ನೇರ ಪ್ರಸಾರದ ಬಗ್ಗೆ ಎರಡು ಮಾತು. ಋತುವಿನ ಮೊದಲ ಪಂದ್ಯವಾದ್ದರಿಂದ ವೀಕ್ಷಕ ವಿವರಣೆಕಾರರು ಆಟಗಾರರ ಖರೀದಿ ಬೆಲೆಗಳನ್ನೇ ಪಠಿಸುತ್ತ ಕೂರುತ್ತಾರೆ, ಎದುರಿಗೆ ನಡೆಯುವ ಆಟ ಅವರಿಗೆ ನೆಪವಾಗಿರುತ್ತದೆ. ದನಿ ತಗ್ಗಿಸಿ ನೋಡಿದರೆ ನಷ್ಟವಿಲ್ಲ. ತಡರಾತ್ರಿಯ ಪಂದ್ಯವನ್ನು ಬೆಳಿಗ್ಗೆ ನೋಡೋಣವೆಂದು ಬಿಟ್ಟವರಿಗೆ ಬೇರೊಂದು ಕಾಟ ಕಾದಿರುತ್ತದೆ: ನಾನು ಚಂದಾ ಕಟ್ಟಿರುವ ಆ್ಯಪ್‌ನಲ್ಲಿ ಪೂರ್ಣ ಪಂದ್ಯದ ಮರುಪ್ರಸಾರವನ್ನು ಹುಡುಕುವಾಗಲೇ ಅದರ ಮುಖಚಿತ್ರದಲ್ಲಿ ಗೆದ್ದ ತಂಡ ಕಪ್ ಎತ್ತಿಕೊಂಡು ನಗುತ್ತಿರುತ್ತದೆ. ಒಂದೇ ಪಂದ್ಯದ ಟೂರ್ನಿಯಲ್ಲಿ ಫಲಿತಾಂಶ ತಿಳಿದ ಮೇಲೆ ಉಳಿಯುವುದೇನು ಎಂದು ಅದನ್ನು ಅಲ್ಲಿ ಹಾಕಿದವರು ಯೋಚಿಸಿದಂತಿಲ್ಲ.

ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು ಎಂದು ಕೇಳುವವರಿಗೆ: ಕಮ್ಯುನಿಟಿ ಶೀಲ್ಡ್ ಮತ್ತು ಜರ್ಮನ್ ಸೂಪರ್ ಕಪ್ ಎರಡನ್ನೂ ಆರಂಭದಿಂದ ಪೂರ್ತಿ ನೋಡಿ. ಅದರಲ್ಲೂ ಮೊದಲ ಒಂದು ಗಂಟೆಯನ್ನು ತಪ್ಪಿಸಬೇಡಿ, ಆಮೇಲೆ ಬದಲಿ ಆಟಗಾರರು ಸಾಲುಗಟ್ಟಿ ಇಳಿದು ತಂಡಗಳ ಆಕಾರ ಕದಡಿಹೋಗುತ್ತದೆ. ಹಾಗೆ ಕದಡಿದ ಮೇಲೂ 2011ರಲ್ಲಿ ಎರಡು ಗೋಲು ಹಿಂದಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ನಾನಿಯವರ ಕೊನೆಗಳಿಗೆಯ ಗೋಲಿನಿಂದ ಸಿಟಿಯನ್ನು 3–2ರಿಂದ ಸೋಲಿಸಿದಂಥದ್ದು ನಡೆಯುವುದುಂಟು, ಆದ್ದರಿಂದ ಎದ್ದು ಹೋಗುವ ಮುನ್ನ ಅಂಕ ನೋಡಿಕೊಳ್ಳಿ. ಸ್ಪೇನ್ ಮತ್ತು ಇಟಲಿಯ ನಾಲ್ಕು ತಂಡಗಳ ಕಪ್‌ಗಳಲ್ಲಿ ಸೆಮಿಫೈನಲ್‌ಗಳಿಗೆ ಮುಖ್ಯಾಂಶಗಳೇ ಸಾಕು. ಫೈನಲ್‌ನಲ್ಲಿ ಬದ್ಧವೈರಿಗಳು ಎದುರಾದರೆ ಮಾತ್ರ ಕುಳಿತು ನೋಡಬಹುದು. ಫ್ರಾನ್ಸಿನದನ್ನು ಆ ವರ್ಷ ಯಾವ ಖಂಡದಲ್ಲಿ ನಡೆಯುತ್ತಿದೆ ಎಂದು ತಿಳಿದುಕೊಂಡ ಮೇಲೆ ನಿರ್ಧರಿಸಿದರಾಯಿತು.